ಕಾವಿಗೆ ಕೂತ ಹರಕೆಯ ಕೋಳಿ

ನಾನು ಚಿಕ್ಕವಳಿದ್ದಾಗ ನಮ್ಮ ಹಿತ್ತಲಲ್ಲಿ ಐದಾರು ಕೋಳಿಗಳಿದ್ದವು. ಸಿಂದಗಿಯಿಂದ ಇಂಡಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು ನಮ್ಮದು. ಅಪ್ಪ ಕುರಿ ಮೇಯಿಸುತ್ತಿದ್ದ, ಕೋಳಿಗಳ ಯಜಮಾನಿಕೆ ಅವ್ವನದು. ಅವುಗಳಲ್ಲಿ ಒಂದು ಕೆಂಪು ಹೇಂಟೆಯೆಂದರೆ ನನಗೆ ಜೀವ. ನನ್ನ ಅಂಗೈಯಿಂದಲೇ ಜೋಳ ಹೆಕ್ಕುತ್ತಿತ್ತು, ಬೇರೆ ಯಾರೇ ಹತ್ತಿರ ಹೋದರೂ ಕುಕ್ಕುತ್ತಿತ್ತು. ಅದರ ಗುಣವೇ ನನಗೂ ಬಂದಿದೆ ಎಂದು ನಿಮ್ಮ ಅಜ್ಜ ಈಗಲೂ ಅನ್ನುತ್ತಾರೆ, ಅನ್ನಲಿ ಬಿಡಿ.

ಆ ವರ್ಷ ಬೇಸಿಗೆಗೆ ಮುಂಚೆ ನನ್ನ ತಮ್ಮನಿಗೆ ಜ್ವರ ಬಂತು. ಇನ್ನೂ ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದ ಕೂಸು. ಮೈತುಂಬ ಕೆಂಪು ಗುಳ್ಳೆ ಎದ್ದು, ಕಣ್ಣು ಬಿಡದೆ ಮಲಗಿಬಿಟ್ಟ. ಅಪ್ಪ ಅವನನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಸಿಂದಗಿಯ ದವಾಖಾನೆಗೆ ಒಯ್ದು ತಂದ. ಮನೆಗೆ ಔಷಧದ ಬಾಟಲಿ ಬಂತು, ಜ್ವರ ಮಾತ್ರ ಇಳಿಯಲಿಲ್ಲ. ಅವ್ವ ಊಟ ನಿದ್ದೆ ಬಿಟ್ಟು ಅವನ ಪಕ್ಕದಲ್ಲೇ ಕೂತಳು. ಬಾಗಿಲಿಗೆ ಕಟ್ಟಿದ ಬೇವಿನ ತಪ್ಪಲಿನ ಕಹಿ ವಾಸನೆ ಮನೆಯೆಲ್ಲ ಹರಡಿತ್ತು. ಒಂದು ಮುಂಜಾನೆ ಅವ್ವ ಹಿತ್ತಲಿಗೆ ಬಂದು, ಕೆಂಪು ಕೋಳಿಯ ಕಾಲಿಗೆ ಅರಿಷಿಣದ ದಾರ ಕಟ್ಟಿದಳು.

"ದುರ್ಗವ್ವಾ, ನನ್ನ ಕೂಸು ಉಳಿಸು. ಈ ಕೋಳಿ ನಿಂದು" ಅಂದಳು.

ನಿಧಾನಕ್ಕೆ ತಮ್ಮ ಕಣ್ಣು ಬಿಟ್ಟ, ಗಂಜಿ ಕುಡಿದ. ಹರಕೆ ತೀರಿಸಲು ಒಂದು ಶುಕ್ರವಾರ ನಿಗದಿಯಾಯಿತು. ಅಷ್ಟರಲ್ಲಿ ಕೋಳಿ ಕಾವಿಗೆ ಕೂತಿತು.

ಮರಿ ಮಾಡುವ ಹಂಬಲ ಹತ್ತಿದ ಕೋಳಿ ಗೂಡು ಬಿಟ್ಟು ಏಳುವುದಿಲ್ಲ, ಮಕ್ಕಳೇ. ಗರಿ ಕೆದರಿಕೊಂಡು, ಕಾಳು ನೀರಿನ ಗೊಡವೆ ಬಿಟ್ಟು ಕೂತುಬಿಡುತ್ತದೆ. ಮುಟ್ಟಿದರೆ ಹೊಟ್ಟೆ ಬಿಸಿಯಾಗಿರುತ್ತದೆ. ನಮ್ಮಲ್ಲಿ ಅಂಥ ಕೋಳಿಯನ್ನು ಕೊಯ್ಯುವಂತಿರಲಿಲ್ಲ, ದೇವರಿಗೂ ಕೊಡುವಂತಿರಲಿಲ್ಲ. ದಾರ ಕಟ್ಟಿದ ಮೇಲೆ ಬೇರೆ ಕೋಳಿ ಕೊಡುವಂತೆಯೂ ಇರಲಿಲ್ಲ. ಅವ್ವನ ಮುಖ ಬಾಡಿಹೋಯಿತು. ಹೇಳಿದ ದಿನ ಹರಕೆ ಮುಟ್ಟದಿದ್ದರೆ ಜ್ವರ ತಿರುಗಿ ಬಂದೀತು ಎಂಬ ಭಯ ಅವಳಿಗೆ.

"ಕಾವು ಬಿಡಿಸಿದ್ರಾತು, ಅದಕ್ಯಾಕ ಅಷ್ಟು ಅಂಜತಿ?" ಅಂದ ಅಪ್ಪ. ಗೂಡಿನ ತತ್ತಿಗಳನ್ನೆಲ್ಲ ತೆಗೆದು ಜೋಳದ ಗಡಿಗೆಯಲ್ಲಿಟ್ಟ. ಕೋಳಿಯ ಹೊಟ್ಟೆಯನ್ನು ತಣ್ಣೀರಿನ ಬಕೀಟಿನಲ್ಲಿ ಅದ್ದಿ, ತಂಪು ನೆಲದ ಮೇಲೆ ಬಿಟ್ಟು ಬುಟ್ಟಿ ಮುಚ್ಚಿದ. ಬೇರೆ ಕೋಳಿಗಳಾದರೆ ಇಷ್ಟಕ್ಕೇ ಕಾವು ಮರೆತು ಕೆದರಲು ಹೋಗುತ್ತಿದ್ದವು. ಇದು ಬುಟ್ಟಿ ಎತ್ತಿದ ಕೂಡಲೇ ಬರಿಗೂಡಿಗೆ ಓಡುತ್ತಿತ್ತು.

ಶುಕ್ರವಾರ ಬಂದೇ ಬಂತು. ಅವ್ವ ತಲೆಗೆ ಎರೆದುಕೊಂಡು, ಹೋಳಿಗೆ ಮಾಡಿ, ತಟ್ಟೆಯಲ್ಲಿ ಕಾಯಿ ಕುಂಕುಮ ಇಟ್ಟುಕೊಂಡು ಕಾಯುತ್ತಿದ್ದಳು. ಅಪ್ಪ ಕೊನೆಯ ಸಲವೆಂದು ಕೋಳಿಯನ್ನು ಮತ್ತೆ ನೀರಿನಲ್ಲಿ ಅದ್ದಿ ಬಿಟ್ಟ. ಅದು ನೀರು ತೊಟ್ಟಿಕ್ಕುತ್ತಾ, ಗಡಗಡ ನಡುಗುತ್ತಾ ಗೂಡಿಗೆ ನಡೆಯಿತು. ಪಕ್ಕದ ರಾಶಿಯಿಂದ ಒಂದು ಉಳ್ಳಾಗಡ್ಡಿ ಉರುಳಿ ಬಂದು ಅಲ್ಲಿ ಬಿದ್ದಿತ್ತು. ಕೋಳಿ ಅದನ್ನೇ ಕೊಕ್ಕಿನಿಂದ ಎಳೆದು, ಹೊಟ್ಟೆಯಡಿಗೆ ಸರಿಸಿಕೊಂಡು, ಅದರ ಮೇಲೆ ಮೆಲ್ಲಗೆ ಕೂತಿತು.

ನಮಗ್ಯಾರಿಗೂ ನಗು ಬರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಆಯಿ, ಅಂದರೆ ಅಪ್ಪನ ತಾಯಿ, "ಸಾಕು ಬಿಡೋ ಮಗಾ" ಅಂದಳು. ಆಮೇಲೆ ಅವ್ವನ ಕಡೆ ತಿರುಗಿ, "ನೀನೂ ಹಿಂಗ ಕುಂತಿದ್ದೆಲ್ಲವಾ ಕೂಸಿನ ಮುಂದ. ನಾವು ಏಳಂದ್ರ ಎದ್ದೀ ಏನು?" ಅಂದಳು.

ಅವ್ವ ತಟ್ಟೆ ಎತ್ತಿಕೊಂಡು, ಕೋಳಿಯನ್ನು ಬಿಟ್ಟು, ಊರ ಹೊರಗಿನ ದುರ್ಗವ್ವನ ಗುಡಿಗೆ ಹೊರಟಳು. ನಾನು ಅವಳ ಸೀರೆ ಹಿಡಿದುಕೊಂಡು ಹಿಂದೆ ಹೋದೆ. ಕಾಯಿ ಒಡೆದು ಅವ್ವ ದೇವಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಯವ್ವಾ, ಕೋಳಿ ಕಾವಿಗೆ ಕುಂತೈತಿ. ನೀನೂ ತಾಯಿ ಅದಿ. ಅದರ ಮರಿ ದೊಡ್ಡವಾಗೂತನಕ ತಡಿ, ನಾ ಮಾತು ತಪ್ಪಂಗಿಲ್ಲ. ಸಿಟ್ಟು ಬಂದ್ರ ನನ್ನ ಮ್ಯಾಲ ತೀರಿಸ್ಕೋ. ಕೂಸಿನ ತಂಟೇಕ ಬರಬ್ಯಾಡ."

ಮನೆಗೆ ಬಂದವಳೇ ಸೆರಗಿನಿಂದ ಕೋಳಿಯ ಮೈ ಒರೆಸಿ, ಉಳ್ಳಾಗಡ್ಡಿ ತೆಗೆದು, ಗಡಿಗೆಯ ತತ್ತಿಗಳನ್ನು ಒಂದೊಂದಾಗಿ ಅದರಡಿ ಇಟ್ಟಳು. ಅಂದಿನಿಂದ ದಿನಾ ಎದ್ದ ಕೂಡಲೇ ತಮ್ಮನ ಹಣೆ ಮುಟ್ಟಿ ನೋಡುತ್ತಿದ್ದಳು. ಜ್ವರ ಬರಲಿಲ್ಲ. ಮರಿಗಳು ಒಡೆದು ಬಂದವು, ಹಿತ್ತಲ ತುಂಬ ಚಿಂವ್ ಚಿಂವ್ ಸದ್ದು.

ಮರಿಗಳು ಬಲಿತ ಮೇಲೆ ತಾಯಿಕೋಳಿ ತಾನೇ ಅವನ್ನು ಕುಕ್ಕಿ ದೂರ ಅಟ್ಟತೊಡಗಿತು. ಅವ್ವ ಹರಕೆ ಮರೆತಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅವಳು ಮರೆತಿರಲಿಲ್ಲ. ಮತ್ತೊಂದು ಶುಕ್ರವಾರ ನನ್ನ ತೋಳಿನಿಂದ ಕೋಳಿಯನ್ನು ತೆಗೆದುಕೊಂಡಳು. ಬೇರೆ ಕೋಳಿ ಕೊಡವ್ವಾ ಎಂದು ನಾನು ನೆಲದ ಮೇಲೆ ಬಿದ್ದು ಹೊರಳಾಡಿ ಅತ್ತೆ. "ಕೊಟ್ಟ ಮಾತು ಅದಲಿ ಬದಲಿ ಮಾಡಾಕ ಬರಂಗಿಲ್ಲವ್ವ" ಎನ್ನುತ್ತಾ ಅವ್ವ ತಾನೂ ಕಣ್ಣೀರು ಸುರಿಸಿದಳು. ಆ ದಿನ ಅವಳು ತುತ್ತು ಮುಟ್ಟಲಿಲ್ಲ. ನಾನಂತೂ ಬಹಳ ದಿನ ಅವಳೊಡನೆ ಮಾತು ಬಿಟ್ಟಿದ್ದೆ.

ಈಗ ನಿಮ್ಮ ಮನೆಗೆ ತತ್ತಿ ಅಂಗಡಿಯಿಂದ ಟ್ರೇಯಲ್ಲಿ ಬರುತ್ತದೆ, ಅದರ ಮೇಲೆ ಯಾವ ಕೋಳಿಯೂ ಕೂತಿರುವುದಿಲ್ಲ. ಜ್ವರ ಬರುವ ಮೊದಲೇ ನಿಮಗೆ ಸೂಜಿ ಚುಚ್ಚಿಸುತ್ತಾರೆ, ಒಂದು ಜೀವಕ್ಕೆ ಇನ್ನೊಂದು ಜೀವವನ್ನು ಯಾರೂ ಮುಡಿಪಿಡುವುದಿಲ್ಲ. ಅದೇ ಒಳ್ಳೆಯದು, ಆ ಕಾಲ ತಿರುಗಿ ಬರುವುದು ಬೇಡ. ಆದರೆ ಅವ್ವನ ಮೇಲೆ ನನಗೀಗ ಸಿಟ್ಟಿಲ್ಲ. ನೀವು ಸಣ್ಣಜ್ಜ ಎಂದು ಓಡಿಹೋಗಿ ತೊಡೆ ಏರುತ್ತೀರಲ್ಲ, ಅವನೇ ಆ ಕೂಸು. ಅವ್ವ ಇರುವತನಕ ಅವನಿಗೆ ಈ ಕೋಳಿಯ ಸಂಗತಿ ಹೇಳಗೊಡಲಿಲ್ಲ. "ಹರಕಿ ಹೊತ್ತಾಕಿ ನಾನು. ಅದರ ಭಾರ ಅವಗ್ಯಾಕ?" ಅನ್ನುತ್ತಿದ್ದಳು.