ಸೋಬಾನೆಗೊಂದು ಟ್ಯಾಬ್

ಕೆಂಗೇರಿಯ ಒಂದು ಕಾಲೇಜಿನ ಆಫೀಸಿನಲ್ಲಿ ನಾನು ಬಹಳ ವರ್ಷದಿಂದ ಗುಮಾಸ್ತೆ. ನಮ್ಮಲ್ಲಿ ಮೂರು ಕಡೆಯಿಂದ ಕೊಟೇಶನ್ ತರಿಸಿ, ಗೆರೆ ಎಳೆದು ಪಟ್ಟಿ ಮಾಡಿ, ಒಂದರ ಪಕ್ಕ ಒಂದಿಟ್ಟು ನೋಡದೆ ಕಸದ ಬುಟ್ಟಿಯೂ ಒಳಗೆ ಬರುವುದಿಲ್ಲ. ಆ ಚಾಳಿ ಮನೆಯಲ್ಲೂ ಬಿಡಲಿಲ್ಲ. ಕುಕ್ಕರ್ ಕೊಂಡಾಗಲೂ ಪಟ್ಟಿ, ಮಗಳಿಗೆ ಗಂಡು ನೋಡಿದಾಗಲೂ ಪಟ್ಟಿ. ಗಂಡಿನ ಪಟ್ಟಿಯನ್ನು ಮಗಳು ಹರಿದು ಹಾಕಿ ತಾನೇ ಒಬ್ಬನನ್ನು ಆರಿಸಿಕೊಂಡಳು. ಅವನು ನನ್ನ ಪಟ್ಟಿಯಲ್ಲಿದ್ದ ಎಲ್ಲರಿಗಿಂತ ಒಳ್ಳೆಯವನು ಅನ್ನುವುದು ಬೇರೆ ಮಾತು.

ಆ ಮದುವೆಗೆ ಇನ್ನು ಎರಡು ತಿಂಗಳಿದೆ ಅನ್ನುವಾಗ ನನ್ನ ಅಮ್ಮ, "ಈ ಸಲ ನಾನು ಪದ ಹೇಳಲ್ಲ ಕಣೇ" ಅಂದುಬಿಟ್ಟಳು.

ಉಲ್ಲಾಳ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಮ್ಮ ಮದುವೆಮನೆಗಳಲ್ಲಿ ಸೋಬಾನೆ ಪದ ಹೇಳಿಕೊಡುವವಳು. ರಾಗಿ ಹೊಲಗಳೆಲ್ಲ ಲೇಔಟ್ ಆದರೂ ಹಳೇ ಮನೆಗಳವರು ಲಗ್ನಪತ್ರಿಕೆ ತಂದಾಗ ಅರಿಶಿನ ಕುಂಕುಮದ ಜೊತೆ, "ಪದಕ್ಕೆ ನೀವೇ ಬರಬೇಕು" ಅಂತ ಹೇಳಿ ಹೋಗುತ್ತಾರೆ. ಪದಗಳೆಲ್ಲ ಅವಳಿಗೆ ಬಾಯಿಪಾಠವೇ. ಆದರೆ ವಯಸ್ಸು ಎಪ್ಪತ್ತು ದಾಟಿದ ಮೇಲೆ ನಡುನಡುವೆ ಒಂದೊಂದು ಸಾಲು ಜಾರತೊಡಗಿ, ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟುಕೊಂಡಿದ್ದಳು. ಈಗ ಕಣ್ಣೂ ಕೈಕೊಟ್ಟಿತು. ಪೊರೆ ತೆಗೆಸಿದ್ದಾಯಿತು, ಆದರೂ ಮಂಜು. ಇದಕ್ಕಿಂತ ಸರಿಹೋಗುವುದಿಲ್ಲ ಅಂದರು ಡಾಕ್ಟರು. ಹೋದ ವರ್ಷ ಗೋವಿಂದರಾಜನಗರದ ಒಂದು ಮದುವೆಯಲ್ಲಿ ಹಾಡಿನ ಮಧ್ಯೆ ಸಾಲು ಮರೆತು, ಪುಸ್ತಕ ನೋಡಿದರೆ ಅಕ್ಷರ ಕಾಣದೆ, ನಿಂತುಬಿಟ್ಟಳು. ಪಕ್ಕದಲ್ಲಿದ್ದ ಹೆಂಗಸರು ಹೊಸಬರು, ಅವರೂ ಮುಖ ಮುಖ ನೋಡಿಕೊಂಡರು. ಮನೆಗೆ ಬಂದವಳೇ ನೋಟ್‌ಬುಕ್ಕನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು.

ನನ್ನ ಮಗಳು ಒಂದೇ ಮಾತು ಹೇಳಿದಳು: "ಅಜ್ಜಿ ಪದ ಹೇಳಿ ಕರೀದಿದ್ರೆ ನಾನು ಹಸೆಗೆ ಬರಲ್ಲಮ್ಮ. ಬೇಕಿದ್ರೆ ನೀನೇ ಹೋಗಿ ಕೂತ್ಕೋ."

ಇಂಥ ಕಷ್ಟಕ್ಕೆ ನನಗೆ ಗೊತ್ತಿರುವ ಮದ್ದು ಪಟ್ಟಿಯೇ. ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದು ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಅಮ್ಮನಿಗೆ ಕಾಣಬೇಕಾದರೆ ಅಕ್ಷರ ಅವರೆಕಾಳಿಗಿಂತ ದಪ್ಪ ಇರಬೇಕು. ಅಷ್ಟು ದಪ್ಪ ಮಾಡಿದರೆ ಫೋನಿನಲ್ಲಿ ಹಿಡಿಯುವುದು ಎರಡೇ ಶಬ್ದ. ಸರಿ, ಟ್ಯಾಬ್ ಬೇಕು. ಐದು ಟ್ಯಾಬ್‌ಗಳನ್ನು ಆರಿಸಿ ಪರದೆ, ತೂಕ, ಬೆಳಕು, ಬ್ಯಾಟರಿ, ನೆನಪಿನ ಶಕ್ತಿ ಎಲ್ಲಕ್ಕೂ ಅಂಕ ಹಾಕಿದೆ. ಎಲ್ಲಕ್ಕಿಂತ ದೊಡ್ಡದು ಮೊದಲು ಬಂತು, ಅದರಲ್ಲಿ ಹತ್ತು ಸಾಲು ಕಾಣುತ್ತಿತ್ತು. ಎಲ್ಲಕ್ಕಿಂತ ಚಿಕ್ಕದರಲ್ಲಿ ಮೂರೇ ಸಾಲು, ಅದು ಕೊನೆಗೆ ಹೋಯಿತು. ಅಷ್ಟು ಚೊಕ್ಕವಾದ ಪಟ್ಟಿಯನ್ನು ನಾನು ಕಾಲೇಜಿಗೂ ಮಾಡಿಕೊಟ್ಟಿರಲಿಲ್ಲ.

ಭಾನುವಾರ ಅಮ್ಮನನ್ನು ವಿಜಯನಗರದ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಹುಡುಗಿ ದೊಡ್ಡದನ್ನೂ ಚಿಕ್ಕದನ್ನೂ ತೆಗೆದು, ನಾನು ಕೊಟ್ಟ ಫೋಟೋವನ್ನು ಎರಡರಲ್ಲೂ ಹಾಕಿ ಇಟ್ಟಳು. ಅಮ್ಮ ದೊಡ್ಡದನ್ನು ಎಡಗೈಯಲ್ಲಿ ಎತ್ತಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಬಲಗೈಯನ್ನೂ ಅಡಿಗೆ ಕೊಟ್ಟಳು.

"ಮೂಗಿಗಿಂತ ಮೂಗುತಿ ಭಾರ ಆಯ್ತು" ಅಂತ ಕೆಳಗಿಟ್ಟು ಚಿಕ್ಕದನ್ನು ತಗೊಂಡಳು. "ಇದು ಸಾಕು."

"ಅಮ್ಮ, ಅದ್ರಲ್ಲಿ ಮೂರೇ ಸಾಲು ಕಾಣೋದು. ಇದ್ರಲ್ಲಿ ಹತ್ತು!"

"ಒಂದೇ ಸಲಕ್ಕೆ ಹತ್ತು ಸಾಲು ಯಾವ ಬಾಯಲ್ಲಿ ಹೇಳ್ಲಿ?"

ನನಗೆ ರೇಗಿತು. ಎರಡು ವಾರ ಕೂತು ಮಾಡಿದ ಪಟ್ಟಿ ಅದು. "ಹಾಡ್ತಾ ಹಾಡ್ತಾ ಬೆರಳಲ್ಲಿ ಸರಿಸ್ಕೊಂಡು ಹೋಗ್ಬೇಕು ಕಣಮ್ಮ. ಅದಕ್ಕೆ ಟೈಮ್ ಎಲ್ಲಿರುತ್ತೆ?"

"ನೀವೆಲ್ಲ ಹೇಳೋವಾಗ" ಅಂದಳು ಅಮ್ಮ. ಅಂದವಳು ಅಲ್ಲೇ, ಟಿವಿಗಳ ಸಾಲಿನ ಮುಂದೆ, ಹೆಣ್ಣನ್ನು ಹಸೆಗೆ ಕರೆಯುವ ಪದದ ಮೊದಲ ಸಾಲು ಎತ್ತಿಕೊಂಡಳು. ಎತ್ತಿ, ನನ್ನ ಮುಖ ನೋಡಿದಳು. ವಾಷಿಂಗ್ ಮಷೀನ್ ನೋಡುತ್ತಿದ್ದ ಗಂಡಹೆಂಡತಿಯೂ ನೋಡಿದರು. ನಾನು ಗೊಣಗಿದ ಹಾಗೆ ಆ ಸಾಲನ್ನು ತಿರುಗಿ ಹೇಳಿದೆ.

"ಇಷ್ಟು ಮೆಲ್ಲಗೆ ಕರೆದ್ರೆ ಹೆಣ್ಣು ಬರಲ್ಲ. ಬಾಗ್ಲಿಂದಾನೇ ವಾಪಸ್ ಹೋಗ್ತಾಳೆ."

ಅಂಗಡಿಯ ಹುಡುಗಿ ಕಿಸಕ್ಕನೆ ನಕ್ಕಳು. "ಅಜ್ಜಿ, ಇನ್ನೊಂದ್ ಸಲ ಹೇಳಿ, ನಾನೂ ಹೇಳ್ತೀನಿ. ನಮ್ಮಜ್ಜಿನೂ ಹಾಡ್ತಿದ್ರು, ಮಾಗಡಿ ಕಡೆಯವ್ರು" ಅಂದಳು. ಅಮ್ಮ ಹೇಳಿದಳು, ನಾವಿಬ್ಬರೂ ತಿರುಗಿ ಹೇಳಿದೆವು. ನಾವು ಹೇಳುವಷ್ಟರಲ್ಲಿ ಅಮ್ಮನ ಬೆರಳು ಪುಟವನ್ನು ಮೇಲಕ್ಕೆ ಸರಿಸಿ ಮುಂದಿನ ಸಾಲನ್ನು ಹುಡುಕಿಟ್ಟುಕೊಂಡಿತ್ತು. ಹೀಗೇ ಇಡೀ ಪದ ಮುಗಿಯಿತು, ಒಂದು ಸಲವೂ ತಡವರಿಸಲಿಲ್ಲ.

ಅವಳು ಒಂದು ಸಾಲು ಹೇಳುವುದು, ಮಿಕ್ಕವರು ಅದನ್ನೇ ತಿರುಗಿ ಹೇಳುವುದು, ಅದರಲ್ಲಿ ಅವಳಿಗೆ ಉಸಿರಾಡಲು ಬಿಡುವು. ಇದನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಪಟ್ಟಿ ಮಾಡುವಾಗ ಮಾತ್ರ ಅಮ್ಮ ಒಬ್ಬಳೇ ಹಾಡುತ್ತಾಳೆ ಅಂತ ಲೆಕ್ಕ ಹಾಕಿದ್ದೆ. ಇಷ್ಟು ವರ್ಷ ಅವಳ ಪಕ್ಕ ಕೂತು ಒಂದು ಪದವನ್ನೂ ನೆಟ್ಟಗೆ ಕಲಿಯದ ನನ್ನಂಥ ಮಗಳಿಗೆ ಇನ್ನೇನು ಹೊಳೆದೀತು? ಅಂಗಡಿಯಲ್ಲಿ ನಿಂತು ನಿಜವಾಗಿಯೂ ನಾಚಿಕೆಯಾಯಿತು. ಪಟ್ಟಿಯಲ್ಲಿ ಕೊನೆಗಿದ್ದ ಟ್ಯಾಬನ್ನೇ ಕೊಂಡು ಬಸ್ ಹತ್ತಿದೆವು.

ಒಂದು ತಿಂಗಳು ದಿನಾ ಸಂಜೆ ಅಭ್ಯಾಸ. ಪುಸ್ತಕದ ಹಾಳೆ ತಿರುಗಿಸುವವಳ ಹಾಗೆ ಬೆರಳು ನಾಲಗೆಗೆ ತಾಗಿಸಿಕೊಂಡೇ ಅಮ್ಮ ಪರದೆ ಮುಟ್ಟುತ್ತಿದ್ದಳು. ನಾನು ಬೈಯುತ್ತಿದ್ದೆ, ಅವಳು ನನಗೇ ತಿರುಗಿ ಬೈಯುತ್ತಿದ್ದಳು. ಆ ಸಂಜೆಗಳು ನನಗೆ ತುಂಬ ಇಷ್ಟವಾಗಿದ್ದವು.

ಮದುವೆಯ ದಿನ ಮಗಳನ್ನು ಕರೆತಂದು ಹಸೆಮಣೆಯ ಮೇಲೆ ಕೂರಿಸಿದಾಗ ಅಮ್ಮನ ದನಿ ಎದ್ದಿತ್ತು. ಸುತ್ತ ಉಲ್ಲಾಳದ ಹಳೇ ಹೆಂಗಸರು, ಅಮ್ಮನ ಜೊತೆ ಎಷ್ಟೋ ಮದುವೆಗಳಲ್ಲಿ ಕೂತೆದ್ದವರು. ಅರ್ಧ ಪದ ಆಗಿತ್ತು. ಬೆರಳು ಎಲ್ಲಿ ತಾಗಿತೋ, ಪರದೆಯ ಚಿತ್ರ ತಟ್ಟನೆ ಕುಗ್ಗಿ ಇಡೀ ಪುಟ ಇರುವೆಸಾಲಿನಷ್ಟು ಸಣ್ಣದಾಯಿತು. ಅಮ್ಮನ ಮುಖ ಬಿಳಿಚಿಕೊಂಡಿದ್ದು ಕಂಡು ನಾನು ಧಡಕ್ಕನೆ ಎದ್ದೆ. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ನನ್ನ ಸೆರಗು ಹಿಡಿದು ಎಳೆದು, "ಕೂತ್ಕೊಳೇ ಸುಮ್ನೆ" ಅಂದರು.

ಹೆಂಗಸರು ಹೇಳಿ ಮುಗಿಸಿದ್ದ ಸಾಲನ್ನೇ ಮತ್ತೆ ಹೇಳಿದರು. ಅಮ್ಮ ಇನ್ನೂ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸುತ್ತಿದ್ದಳು. ಮೂರನೇ ಸಲ ಹೇಳಿದರು, ನಾಲ್ಕನೇ ಸಲವೂ ಹೇಳಿದರು, ಆ ಪದ ಇರುವುದೇ ಹಾಗೆ ಅನ್ನುವಷ್ಟು ನಿಧಾನವಾಗಿ. ಯಾರೂ ಅಮ್ಮನ ಕಡೆ ನೋಡಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಹಸೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ನನ್ನ ಮಗಳು, ಮದುಮಗಳು ಹಾಡಬಾರದು ಅನ್ನುವುದನ್ನೂ ಮರೆತು, ತಾನೂ ಆ ಸಾಲನ್ನು ಹೇಳತೊಡಗಿದ್ದಳು.

ಅಮ್ಮನಿಗೆ ಮುಂದಿನ ಸಾಲು ಸಿಕ್ಕಿತು. ಸಿಕ್ಕಿದ್ದು ಅವಳ ಮುಖದಲ್ಲೇ ನನಗೆ ಕಂಡಿತು. ಆದರೂ ಅವಳು ತಕ್ಷಣ ಹೇಳಲಿಲ್ಲ. ಮೊಮ್ಮಗಳ ದನಿ ಕಿವಿಗೆ ಬಿದ್ದಿತ್ತು. ನನ್ನ ಮಗಳು ಆ ಸಾಲನ್ನು ಇನ್ನೊಂದು ಸಲ ಪೂರ್ತಿ ಹೇಳಿ ಮುಗಿಸುವವರೆಗೂ ಕಾದು, ಆಮೇಲೆ ಅಮ್ಮ ಮುಂದಿನದನ್ನು ಎತ್ತಿಕೊಂಡಳು.