ಧನಶ್ರೀ ಬಾರಿಸಿದ ಡ್ರಮ್ಮು

ಹುಮನಾಬಾದದ ಒಂದು ಆರ್ಕೆಸ್ಟ್ರಾದ ಗೋದಾಮಿನಲ್ಲಿ ಆ ಡ್ರಮ್ ಸೆಟ್ಟನ್ನು ಮೊದಲ ಸಲ ಕಂಡಾಗ ಧನಶ್ರೀ ಓಢಣಿಯಿಂದ ಮೂಗು ಮುಚ್ಚಿಕೊಂಡಳು. ನೆಲದ ಮೇಲಿನ ದೊಡ್ಡ ಡ್ರಮ್ಮಿನ ಹೊಟ್ಟೆಯಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಸ್ನೇರ್ ಎಂಬ ಚಪ್ಪಟೆ ಡ್ರಮ್ಮಿನ ಅಂಚಿಗೆ ಯಾರೋ ಉಗುಳಿದ ಗುಟ್ಕಾ ಒಣಗಿ ಕೆಂಪು ಹೊಪ್ಪಳಿಕೆಯಾಗಿ ಎದ್ದಿತ್ತು. ಕೂರುವ ಸ್ಟೂಲಿನ ರೆಕ್ಸಿನ್ ಹರಿದು, ಒಳಗಿನ ಸ್ಪಂಜಿನಿಂದ ಹಿಂದೆ ಕೂತವರೆಲ್ಲರ ಬೆವರಿನ ನಾತ ಹೊಡೆಯುತ್ತಿತ್ತು.

"ಇದನ್ನ ಮುಟ್ಟೋದು ಹ್ಯಾಂಗ್ರಿ ಚಾಚಾ?"

"ಮೊದಲ ತೊಳಿ ಬೇಟಿ. ತೊಳದ ಮ್ಯಾಲ ಅದು ನಿಂದಽ ಆಗತದ," ಎಂದ ಅಮೀರ.

ಅಮೀರ ಬಸವಕಲ್ಯಾಣದವನು. ಪ್ರಾಯದಲ್ಲಿ ಮದುವೆ ಬ್ಯಾಂಡಿನ ಡ್ರಮ್ ಬಾರಿಸಿ, ಹೆಗಲು ಸೋತ ಮೇಲೆ ಧನರಾಜ ಎಂಬವರ ಆರ್ಕೆಸ್ಟ್ರಾದಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದ. ಹತ್ತಿರದ ಹುಡಗಿ ಎಂಬ ಊರಿನ ಧನಶ್ರೀಗೆ ಡ್ರಮ್ಮಿನ ಕಡ್ಡಿ ಹಿಡಿಯುವುದನ್ನು ಕಲಿಸಿದವನೂ ಅವನೇ. ಅವಳ ತಂದೆ ದೇವಿದಾಸ ಭೀಮ ಜಯಂತಿಗಳಲ್ಲಿ ಭೀಮಗೀತೆ ಹಾಡುವವರು. ಅವರ ಜೊತೆ ಹಾಡಿನ ತಾಲೀಮಿಗೆ ಬಂದು ಮೂಲೆಯಲ್ಲಿ ಕೂತು ತೊಡೆ ಬಡಿಯುತ್ತಿದ್ದ ಹುಡುಗಿಯನ್ನು, ಅಲ್ಲಿಗೂ ಸೌಂಡ್ ನೋಡಲು ಬರುತ್ತಿದ್ದ ಅಮೀರ ಕರೆದು ಮುಂದೆ ಕೂರಿಸಿಕೊಂಡಿದ್ದ.

ಧನಶ್ರೀಗೆ ಹೊಲಸೆಂದರೆ ಮೊದಲಿನಿಂದಲೂ ಆಗದು. ಬಸ್ಸಿನ ಸೀಟನ್ನು ಒರೆಸದೆ ಕೂತವಳಲ್ಲ. ಅಂಥವಳು ಎರಡು ದಿನ ಕೂತು ಆ ಸೆಟ್ಟಿನ ಒಂದೊಂದೇ ಸ್ಕ್ರೂ ಬಿಚ್ಚಿ, ಇಲಿಹಿಕ್ಕೆ ಗುಡಿಸಿ, ಸೋಡಾ ಹಾಕಿದ ಬಿಸಿನೀರಿನಲ್ಲಿ ತಿಕ್ಕಿದಳು. ಮತ್ತೆ ಕಟ್ಟುವಾಗ ಅಮೀರ ಪಕ್ಕದಲ್ಲಿ ನಿಂತು ಹೇಳಿಕೊಟ್ಟ: "ಒಂದು ಸ್ಕ್ರೂ ತಿರುವಿದಿ ಅಂದ್ರ ಅದರ ಎದುರಿಂದು ತಿರುವು. ಒಂದಽ ಕಡಿ ಎಳದರ ದನಿ ಸೊಟ್ಟ ಆಗತದ." ಕೆಳಗೆ ಜಮಖಾನೆ ಹಾಸಿ, ದೊಡ್ಡ ಡ್ರಮ್ಮಿಗೆ ಬಡಿಯುವ ಕಾಲ ಪೆಡಲು ಜಾರದಂತೆ ಕಟ್ಟಿ, ಸ್ಟೂಲಿಗೆ ಅವ್ವನ ಹಳೆಯ ಸೀರೆ ಸುತ್ತಿ ಅವಳು ಮೊದಲ ಪೆಟ್ಟು ಹಾಕಿದಾಗ ಗೋದಾಮಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು.

ಹೀಗೆ ಅವಳು ಆರ್ಕೆಸ್ಟ್ರಾ ಸೇರಿದಳು. ಹಗಲು ಹುಮನಾಬಾದದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ, ಮದುವೆಯ ಸೀಸನ್ನಿನಲ್ಲಿ ಡ್ರಮ್ಮು. ಬಟ್ಟೆ ಅಂಗಡಿಯ ಮಾಲೀಕರಾದ ಧನರಾಜರು ಅವಳ ಫೋಟೋ ಹಾಕಿಸಿ 'ಲೇಡಿ ಡ್ರಮ್ಮರ್' ಎಂದು ಬ್ಯಾನರು ಮಾಡಿಸಿದರು. ಜನ ಸೇರಿದರು. ಸೇರಿದ ಗಂಡಸರಲ್ಲಿ ಅರ್ಧ ಜನ ವೇದಿಕೆಯ ಪಕ್ಕಕ್ಕೆ ಬಂದು, ಅವಳ ಕಾಲು ಪೆಡಲು ತುಳಿಯುವ ಕಡೆಗೆ ಮೊಬೈಲು ಹಿಡಿದು ನಿಲ್ಲುತ್ತಿದ್ದರು. ಊಟ ಮುಗಿಸಿ ಬಂದವರು ಎಣ್ಣೆಗೈಯಲ್ಲೇ ಅವಳ ಕಡ್ಡಿ ಕಸಿದು, "ನಾನೂ ಒಂದು ಹೊಡಿತೀನಿ ತಡಿ" ಎನ್ನುತ್ತಿದ್ದರು. ಅವಳು ಆ ಕಡ್ಡಿಗಳನ್ನು ಮನೆಗೆ ತಂದು ಸಾಬೂನು ಹಚ್ಚಿ ತೊಳೆದು, ಬಿಸಿಲಿಗೆ ಇಡುತ್ತಿದ್ದಳು.

ಮರುವರ್ಷ ಧನರಾಜರು ಹೊಸ ಸೆಟ್ಟು ಕೊಳ್ಳಲು ಅವಳನ್ನೂ ಅಮೀರನನ್ನೂ ಹೈದರಾಬಾದಿಗೆ ಕರೆದೊಯ್ದರು. ಅಂಗಡಿಯಲ್ಲಿ ಧನಶ್ರೀ ಮೊದಲು ಕೂತದ್ದು ಮರದ ಸೆಟ್ಟಿನ ಮುಂದೆ. ಮೆಲ್ಲಗೆ ಹೊಡೆದರೆ ಮೆಲ್ಲಗೆ, ಜೋರಾಗಿ ಹೊಡೆದರೆ ಎದೆಗೆ ಬಡಿಯುವಂಥ ದನಿ. ಆಮೇಲೆ ಎಲೆಕ್ಟ್ರಾನಿಕ್ ಸೆಟ್ಟು. ಜಾಲರಿ ಹೊದೆಸಿದ ತಟ್ಟೆಗಳು, ದನಿ ಹೊರಡಿಸುವ ಒಂದು ಪುಟ್ಟ ಡಬ್ಬಿ, ಅದರಿಂದ ಸ್ಪೀಕರಿಗೆ ಹೋಗುವ ವೈರುಗಳು. ತಟ್ಟೆಯ ಮೇಲೆ ಬೆರಳಲ್ಲಿ ತಟ್ಟಿ, ಸದ್ದು ತಡವಾಗಿ ಬರುತ್ತದೆಯೇ ಎಂದು ಕಿವಿಗೊಟ್ಟು ನೋಡಿದಳು. ತಡವಾಗಲಿಲ್ಲ. ಆದರೂ ಅವಳ ಮನಸ್ಸು ಮರದ ಕಡೆಗೇ ಎಳೆಯಿತು.

"ಇದಕ್ಕ ಲೈಟ್ ಹತ್ತತಾವೇನು?" ಎಂದು ಧನರಾಜರು ಕೇಳುತ್ತಿದ್ದರು.

ಅಮೀರ ಅವಳ ಕಿವಿಯ ಹತ್ತಿರ ಬಂದು, "ಕರೆಂಟಿಂದಽ ತಗೋ ಬೇಟಿ. ಮನ್ಯಾಗ ಹೆಡ್‌ಫೋನ್ ಹಾಕ್ಕೊಂಡು ತಾಲೀಮ್ ಮಾಡಬಹುದು, ಓಣ್ಯಾಗಿನ ಮಂದಿ ಬೈಯೂದಿಲ್ಲ. ಮತ್ತ ಇದರಾಗ ಯಾರೂ ಉಗುಳಂಗಿಲ್ಲ, ಇಲಿ ಸೇರಂಗಿಲ್ಲ," ಎಂದ.

ಕೊನೆಯ ಮಾತಿಗೆ ಅವಳು ಸೋತಳು.

ಆ ಸೆಟ್ಟು ಹುಡಗಿ ಊರಿನ ಅವಳ ಮನೆಯ ಪಡಸಾಲೆಗೆ ಬಂತು. ಲಯ ಹಿಡಿಸುವ ಮೆಟ್ರೊನೋಮಿನ ಟಿಕ್ ಟಿಕ್‌ಗೆ ಮೊದಲು ನಿಧಾನ, ಆಮೇಲೆ ಸ್ವಲ್ಪ ಸ್ವಲ್ಪವೇ ವೇಗ ಏರಿಸುತ್ತ ಎಡಗೈ ಬಲಗೈಗೆ ಸಮನಾಗುವ ತನಕ ಬಾರಿಸಿದಳು. ಅವಳಿಗೆ ಕಿವಿಯ ತುಂಬ ಡ್ರಮ್ಮು, ಮನೆಯವರಿಗೆ ಬರೀ ಟಕ್ ಟಕ್. "ತಲಿ ಕೆಟ್ಟಂಗ ರಬ್ಬರ್ ಬಡಿಯಾಕತ್ತಾಳ ನೋಡ್ರಿ," ಎಂದು ತಾಯಿ ಶೇವಂತಾಬಾಯಿ ಬಂದವರಿಗೆಲ್ಲ ತೋರಿಸುತ್ತಿದ್ದಳು. ಆ ಸೀಸನ್ನಿನಲ್ಲಿ ಧನಶ್ರೀಗೆ ಸಿಕ್ಕಷ್ಟು ಚಪ್ಪಾಳೆ ಹಿಂದೆಂದೂ ಸಿಕ್ಕಿರಲಿಲ್ಲ. ಕೈ ಇಷ್ಟು ಚೊಕ್ಕವಾಯಿತಲ್ಲ ಎಂದು ಅವಳಿಗೇ ಬೆರಗಾಗಿತ್ತು.

ಬಸವಕಲ್ಯಾಣದ ಮಂಗಲ ಕಾರ್ಯಾಲಯವೊಂದರಲ್ಲಿ ಮಧ್ಯಾಹ್ನದ ಮದುವೆ. ಕುಣಿಯುವ ಹಾಡು ನಡೆದಿತ್ತು. ನಡುವೆ ಅವಳ ಕಾಲಡಿಯ ಪೆಡಲಿನ ಚೈನು ಕಳಚಿ ಬಿತ್ತು. ಕಾಲು ಗಾಳಿ ತುಳಿಯಿತು. ಆದರೆ ಸ್ಪೀಕರಿನಲ್ಲಿ ಧಮ್ ಧಮ್ ನಿಲ್ಲಲಿಲ್ಲ.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಎಡಗೈ ಎತ್ತಿ ಹಿಡಿದಳು. ಸ್ನೇರು ನುಡಿಯುತ್ತಲೇ ಇತ್ತು. ಬಲಗೈಯನ್ನೂ ನಿಲ್ಲಿಸಿ ಕಡ್ಡಿಗಳನ್ನು ತೊಡೆಯ ಮೇಲಿಟ್ಟಳು. ಹಾಡಿನ ತಿರುವಿನಲ್ಲಿ ಎಲ್ಲ ಡ್ರಮ್ಮುಗಳ ಮೇಲೂ ಓಡಾಡುವ ಒಂದು ಉರುಳಿಕೆ ಬರಬೇಕಿತ್ತು. ಬಂತು. ಚೂರೂ ತಪ್ಪದೆ ಬಂತು. ಎದುರಿನ ಜನ ಕೈ ಎತ್ತಿ ಕೇಕೆ ಹಾಕಿದರು, ಮೊಬೈಲುಗಳು ಅವಳ ಮೇಲೇ ಇದ್ದವು. ಸುಮ್ಮನೆ ಕೂತವಳನ್ನು ಅಷ್ಟು ಜನ ಕಣ್ಣು ಬಿಟ್ಟು ನೋಡುತ್ತಿದ್ದರೂ ಅವಳು ಬಾರಿಸುತ್ತಿಲ್ಲವೆಂಬುದು ಒಬ್ಬರಿಗೂ ಹೊಳೆಯಲಿಲ್ಲ. ಧನಶ್ರೀ ಕಡ್ಡಿಗಳನ್ನು ಕೆಳಗಿಟ್ಟಳು. ಎದ್ದು ಹಿಂದಿನ ಮೆಟ್ಟಿಲಿಳಿದಳು.

ಹಿಂದೆ ಎಂಜಲು ತಟ್ಟೆ ತೊಳೆಯುವ ಜಾಗ. ಸಾರು ಹರಿದು ನೊಣ ಮುತ್ತಿದ್ದವು. ಅಲ್ಲೇ ಕುರ್ಚಿ ಹಾಕಿಕೊಂಡು ಧನರಾಜರು ಜಿಲೇಬಿ ತಿನ್ನುತ್ತಿದ್ದರು.

"ನನ್ನ ಡ್ರಮ್ಮಿನ ವೈರ್ ಎಲ್ಲಿಗಿ ಹೋಗೇದ್ರಿ?"

ಅವರು ಬೆರಳು ನೆಕ್ಕಿಕೊಂಡರು. "ಯಾಕ ಸಿಟ್ಟಾಗ್ತಿ? ಸ್ಪೀಕರಿಗಿ ಡ್ರಮ್ಮಿನ ರೆಕಾರ್ಡಿಂಗ್ ಹಚ್ಚಿದ್ರ ತಾಳ ತಪ್ಪಂಗಿಲ್ಲ. ನೀ ಆರಾಮ್ ಕೈ ಆಡಿಸು, ನಗು. ಮಂದಿ ನಿನ್ನ ನೋಡಾಕ ಬರತಾರ, ಕೇಳಾಕ ಏನು?"

"ಎಂದಿನಿಂದ?"

"ಹೊಸಾ ಸೆಟ್ ಬಂದಾಗಿಂದನಽ. ಅಮೀರನ್ನ ಕೇಳು, ಅವನಽ ವೈರ್ ಕೂಡಿಸ್ಯಾನ."

ಅಮೀರ ಸೌಂಡ್ ಮಿಕ್ಸರಿನ ಹಿಂದೆ ಇದ್ದ. ಅವಳು ಬಂದದ್ದು ಕಂಡು ತಲೆ ತಗ್ಗಿಸಿದ. "ಮಾಲೀಕರು ಹೇಳಿದ್ರು ಬೇಟಿ. ಆದರ ನೀ ಬಾರಿಸಿದ್ದೂ ಛಲೋನಽ ಇತ್ತು. ನಾ ಒಬ್ಬನಽ ಹೆಡ್‌ಫೋನ್‌ದಾಗ ಕೇಳತಿದ್ದೆ."

ಈ ಮಾತಿನಷ್ಟು ಹೇಸಿಗೆ ಅವಳಿಗೆ ಇನ್ನಾವುದರಿಂದಲೂ ಆಗಲಿಲ್ಲ. ಇಡೀ ಊರಿಗೆ ಕೇಳಿಸದ ಹಾಗೆ ಮಾಡಿ, ತಾನೊಬ್ಬನೇ ಕದ್ದು ಕೇಳಿ, ಅದನ್ನು ಉಪಕಾರವೆಂಬಂತೆ ಹೇಳುತ್ತಿದ್ದಾನೆ. ಅವಳು ಅಲ್ಲಿಂದಲೇ ಬಸ್ ಹಿಡಿದಳು. ಮನೆಗೆ ಬಂದು ಮೊಣಕೈ ತನಕ ಕೈ ತೊಳೆದಳು, ಮತ್ತೆ ತೊಳೆದಳು. ತನ್ನದೆಂದು ತಲೆಬಾಗಿ ಸ್ವೀಕರಿಸಿದ ಚಪ್ಪಾಳೆಗಳೆಲ್ಲ ನೆನಪಾಗಿ ಅವಳಿಗೆ ತನ್ನ ಮೇಲೂ ಅಸಹ್ಯವಾಯಿತು.

ಕೆಲವು ವಾರಗಳಲ್ಲಿ ಅವಳ ಜಾಗಕ್ಕೆ ಚಿಟಗುಪ್ಪದ ಮನೀಷಾ ಎಂಬ ಹುಡುಗಿ ಬಂದಳೆಂದು ತಿಳಿಯಿತು. ಪಾಪ, ಆಕೆಗೂ ಗೊತ್ತಿರಲಿಕ್ಕಿಲ್ಲ ಎಂದು ಧನಶ್ರೀ ಹುಡುಕಿಕೊಂಡು ಹೋದಳು. ಮನೀಷಾ ಚಹಾ ಕೊಟ್ಟು, ಎಲ್ಲವನ್ನೂ ಕೇಳಿ, ನಕ್ಕುಬಿಟ್ಟಳು.

"ಗೊತ್ತದರೀ ಅಕ್ಕಾ. ನಂಗ ಬಾರಿಸಾಕ ಬರಂಗೇ ಇಲ್ಲ. ಕನ್ನಡಿ ಮುಂದ ಕೈ ಆಡಿಸೋದು ಕಲಿಯಾಕತ್ತೇನಿ. ನೀವು ಸುಮ್ನ ಕಲತು ಕಲತು ಕೈ ನೋಯಿಸ್ಕೊಂಡ್ರಿ."

ಧನಶ್ರೀ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಬೈಯೋಣವೆಂದರೆ ಆ ಹುಡುಗಿಯ ಮುಖದಲ್ಲಿ ಕಪಟವೇ ಇರಲಿಲ್ಲ.

ಬಸವಕಲ್ಯಾಣದ ಸಂಘಪಾಲ ಎಂಬವನು ತನ್ನ ತಂಡಕ್ಕೆ ಬಾ ಎಂದು ಆಗಲೇ ಎರಡು ಸಲ ಫೋನು ಮಾಡಿದ್ದ. ಅವನದು ಬುದ್ಧವಿಹಾರದ ಸಣ್ಣ ಗಾಯನ ತಂಡ, ಇರುವುದು ಒಂದು ಸಾದಾ ಮರದ ಸೆಟ್ಟು. ಮತ್ತೆ ಕರೆದಾಗ ಅವಳು ಒಪ್ಪಿದಳು. "ವೇದಿಕಿ ಮ್ಯಾಲ ರೆಕಾರ್ಡಿಂಗ್ ಹಚ್ಚಿದ್ರ ನಾ ಅಲ್ಲೇ ಎದ್ದು ಹೋಗತೀನಿ," ಎಂದು ಮೊದಲೇ ಹೇಳಿದಳು. "ನಮ್ಮ ಕಡಿ ಮೈಕಽ ಸರಿ ಇಲ್ಲವ್ವ, ರೆಕಾರ್ಡಿಂಗ್ ಎಲ್ಲಿಂದ ತರೋಣು," ಎಂದ ಸಂಘಪಾಲ.

ಆ ತಂಡದಲ್ಲಿ ಅವಳು ಈಗಲೂ ಬಾರಿಸುತ್ತಾಳೆ. ಜನ ಕಡಿಮೆ. ತಾಳ ಜಾರಿದರೆ ಸಂಘಪಾಲ ಹಾಡುತ್ತಲೇ ತಿರುಗಿ ಕಣ್ಣು ಬಿಡುತ್ತಾನೆ. ಒಮ್ಮೆ ಜಯಂತಿಯ ಕಾರ್ಯಕ್ರಮಕ್ಕೆ ಅಮೀರ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಮುಗಿದ ಮೇಲೆ ಹತ್ತಿರ ಬಂದು, "ಎಡಗೈ ಭಾಳ ಛಲೋ ಆಗೇದ ಬೇಟಿ," ಎಂದ. ಧನಶ್ರೀ ಅವನ ಕಡೆ ನೋಡದೆ ಸ್ನೇರನ್ನು ಸ್ಟ್ಯಾಂಡಿನಿಂದ ಬಿಚ್ಚಿ ಚೀಲಕ್ಕೆ ಹಾಕಿದಳು. ಅವನು ಇನ್ನೂ ನಿಂತೇ ಇದ್ದ. ಅವಳು ಚೀಲ ಹೆಗಲಿಗೇರಿಸಿ, ಅವನ ಅಂಗಿ ತಾಕದಂತೆ ಸುತ್ತು ಹಾಕಿ, ಟೆಂಪೋ ನಿಂತ ಕಡೆಗೆ ಹೋದಳು.