ಸಾಸಿವೆಗಿಂತ ಚಿಕ್ಕ ಮುಖ

ದೊಡ್ಡಮ್ಮ, ಮೂರು ವರ್ಷದ ಹಿಂದೆ ನಾನು ನಿಮಗೆ ಸುಳ್ಳು ಹೇಳಿದೆ. ಹಳೆಯ ಫೋಟೋದ ಫಿಲ್ಮಿನಲ್ಲಿ ನಿಮ್ಮ ಅವ್ವನ ಮುಖ ಸರಿಯಾಗಿ ಇಲ್ಲವೆಂದೆ. ಇದೆ! ನಿನ್ನೆ ನೋಡಿದೆ.

ಶೆಟ್ಟಿಹಳ್ಳಿಯ ಹೊಸ ಮನೆಯ ಗೃಹಪ್ರವೇಶಕ್ಕೆ ಮುಂಚೆ, ಹಳೆಯ ನೆಗೆಟಿವ್‌ಗಳಿದ್ದ ಬಿಸ್ಕತ್ತು ಡಬ್ಬಿಯನ್ನು ವಿದ್ಯಾರಣ್ಯಪುರದ ನಮ್ಮ ಮನೆಗೆ ತಂದುಕೊಟ್ಟಿರಿ. ಅದರಲ್ಲಿ ರಾಗಿ ಕಣದ ಆ ಗುಂಪು ಫೋಟೋ — ಹಿಂದಿನ ಸಾಲಿನ ಕೊನೆಯಲ್ಲಿ ಅವ್ವ. ನಿಮಗೆ ನಾಲ್ಕು ವರ್ಷವಾಗಿದ್ದಾಗ ತೀರಿಹೋದವರ ಒಂದೇ ಒಂದು ಚಿತ್ರ. ನಾನು ಇಂಚಿಗೆ ಆರುನೂರು ಚುಕ್ಕಿಯಂತೆ ಸ್ಕ್ಯಾನ್ ಮಾಡಿದೆ. ಚುಕ್ಕಿ ಹೆಚ್ಚಿದಷ್ಟೂ ವಿವರ ಹೆಚ್ಚು, ಹೊತ್ತೂ ಹೆಚ್ಚು; ಆರುನೂರಾದರೆ ಬೇಗ ಮುಗಿಯುತ್ತದೆ — ಅಷ್ಟೇ ಕಾರಣ. ಫಿಲ್ಮಿನ ಮೇಲೆ ಆ ಮುಖ ಸಾಸಿವೆಗಿಂತ ಚಿಕ್ಕದು. ಆರುನೂರರಲ್ಲಿ ಅದು ಬರೀ ಒಂದು ಕಲೆ.

"ಇನ್ನೊಸಿ ಚೆನ್ನಾಗಿ ಕಾಣಾಕಿಲ್ವೇನವ್ವ?" ಎಂದಿರಿ.

"ಫಿಲ್ಮಲ್ಲೇ ಅಷ್ಟೇ ಇರೋದು, ದೊಡ್ಡಮ್ಮ."

ದೊಡ್ಡಪ್ಪ ಬೇರೆ ಕಡೆ ಕೇಳೋಣವೆಂದರು. ನೀವು ಅವರನ್ನೇ ಗದರಿದಿರಿ: "ಎಮ್ಮೆಸ್ಸಿ ಓದಿರೋಳು ಯೋಳ್ತಾವ್ಳೆ, ಮಧ್ಯ ನಿಮ್ದೇನ್ರೀ?"

ಆಮೇಲೆ ಹೊಸ ಮನೆಯ ಗೋಡೆಗೆ ಅವ್ವನ ಚಿತ್ರ ಬೇಕೆಂದು, ಚಿತ್ರ ಬರೆಯುವವನ ಮುಂದೆ ನೀವೇ ಹೋಗಿ ಕುಳಿತಿರಿ — "ನನ್ನಂಗೇ ಇದ್ಳಂತೆ" ಎಂದು. ನಿಮ್ಮ ಮುಖ ನೋಡಿ ಬರೆದ ಆ ಅವ್ವನಿಗೆ ದಿನವೂ ಹೂವಿಡುತ್ತೀರಿ. ನಾನೂ ಕೈಮುಗಿದಿದ್ದೇನೆ. ಫಿಲ್ಮನ್ನು ಪೂರ್ತಿ ನೋಡಿಲ್ಲವೆಂದು ಗೊತ್ತಿದ್ದೂ —

ನಿನ್ನೆ ನನ್ನದೇ ಒಂದು ರೋಲ್ ಸ್ಕ್ಯಾನ್ ಮಾಡುತ್ತಿದ್ದೆ. ಎಷ್ಟು ಚುಕ್ಕಿ ಸಾಕೆಂದು ಹೋಲಿಸಿ ನೋಡಲು ಹಳೆಯ ಫಿಲ್ಮ್ ಒಂದು ಬೇಕಿತ್ತು. ನಿಮ್ಮ ಡಬ್ಬಿ ಇನ್ನೂ ನನ್ನಲ್ಲೇ ಇತ್ತು; ಆ ರಾಗಿ ಕಣದ ಫಿಲ್ಮನ್ನೇ ತೆಗೆದಿಟ್ಟೆ. ಸಾವಿರದ ಇನ್ನೂರು — ಮೂಗು ಬಂತು. ಎರಡು ಸಾವಿರದ ನಾನೂರು — ಎದ್ದು ನಿಂತುಬಿಟ್ಟೆ! ಎರಡೂ ಕಡೆ ಮೂಗುತಿ, ಅಗಲ ಹಣೆ, ತುಟಿ ಬಿಗಿಹಿಡಿದರೂ ತಪ್ಪಿಸಿಕೊಂಡ ನಗು. ನಿಮ್ಮ ಹಾಗಿಲ್ಲ ದೊಡ್ಡಮ್ಮ, ಒಂದಿಷ್ಟೂ ಇಲ್ಲ! ಆಸೆಗೆ ನಾಲ್ಕು ಸಾವಿರದ ಎಂಟುನೂರಕ್ಕೂ ಏರಿಸಿದೆ. ಹೊಸದೇನೂ ಬರಲಿಲ್ಲ, ಫಿಲ್ಮಿನ ಮೇಲಿನ ಮರಳಿನಂಥ ಕಣಗಳು ಮಾತ್ರ ದಪ್ಪವಾಗಿ ಕಂಡವು. "ಅಷ್ಟೇ ಇರೋದು" ಎನ್ನಬೇಕಾದದ್ದು ಇಲ್ಲಿಗೆ ಬಂದ ಮೇಲೆ. ಅಂದು ನಾನು ಉಳಿಸಿಕೊಂಡದ್ದು ಒಂದು ಫೋಟೋಗೆ ಐದು ನಿಮಿಷ.

ಮುದ್ರಿಸಿದ ಚಿತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೇನೆ. ನಾಳೆ ಬೆಳಿಗ್ಗೆ ಈ ಕಾಗದದ ಜೊತೆ ನಾನೇ ತರುತ್ತೇನೆ. ಮೊದಲು ಈ ಕಾಗದ ಓದಿ. ಅವ್ವನನ್ನು ನೋಡಿಬಿಟ್ಟರೆ ಆ ಖುಷಿಯಲ್ಲಿ ನನ್ನನ್ನು ಕ್ಷಮಿಸಿಬಿಡುತ್ತೀರಿ — ಅದು ನನಗೆ ಬೇಡ. ಎದುರಿಗೇ ನಿಂತಿರುತ್ತೇನೆ. ಬೈಯಬೇಕಾದ್ದನ್ನೆಲ್ಲ ಬೈದು ಮುಗಿಸಿ, ಆಮೇಲೆ ಲಕೋಟೆ ಬಿಚ್ಚಿ.